ಡಾಕ್ಟರ್ ಡುಬಾಯ್ಸರ ಜೀವನಚರಿತ್ರೆ

ಯೋಹಾನನ ಸುವಾರ್ತೆಯಲ್ಲಿ ಒಬ್ಬ ಹುಟ್ಟುಕುರುಡನ ವೃತ್ತಾಂತವುಂಟು. ದಾರಿಯಲ್ಲಿ ಆತನನ್ನು ಕಂಡ ಶಿಷ್ಯರು, ಈ ಕುರುಡುತನಕ್ಕೆ ಕಾರಣವಾದುದು ಇವನ ಪಾಪವೋ ಇವನ ತಂದೆತಾಯಿಗಳ ಪಾಪವೋ ಎಂದು ಗುರುವನ್ನು ಕೇಳಿದರು. ಕರ್ತನು ಎರಡನ್ನೂ ಒಪ್ಪದೆ ಆ ಬಡವನಿಗೆ ದೃಷ್ಟಿಯನ್ನು ಕೊಡುವ ಕಾರ್ಯಕ್ಕೆ ಕೈಹಾಕಿದನು. ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಈ ಭಾಗವನ್ನು ಕೇಳದೆ ಹೊರಟುಹೋದ ವಿದ್ಯಾರ್ಥಿನಿ ನಮ್ಮಲ್ಲಿ ಯಾರೂ ಇರಲಾರರು. ಆದರೆ ಶಿಷ್ಯರ ಪ್ರಶ್ನೆಯು ಮಾತ್ರ ಇಂದಿಗೂ ಲೋಕವನ್ನು ಬಿಟ್ಟಿಲ್ಲ. ಒಂದು ಕೇರಿಯಲ್ಲಿ ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದರೆ, ಆ ಕೇರಿಯವರ ರಕ್ತವೇ ಹಾಗೆ, ಅವರ ನಡೆವಳಿಕೆಯೇ ಹಾಗೆ ಎಂದು ಹೇಳಿ ಸುಮ್ಮನಾಗುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಾಗೆ ಸುಮ್ಮನಾಗದೆ, ಮನೆಮನೆಯ ಬಾಗಿಲನ್ನು ತಟ್ಟಿ ನಿಜವಾದ ಕಾರಣವನ್ನು ಹುಡುಕಿದ ಒಬ್ಬ ಮಹನೀಯರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ಇಡಲು ನಾವು ಬಯಸುತ್ತೇವೆ. ಅವರೇ ಅಮೆರಿಕದ ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡುಬಾಯ್ಸರು.

ಡುಬಾಯ್ಸರು 1868ನೆಯ ಇಸವಿ ಫೆಬ್ರವರಿ 23ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಆ ದೇಶದಲ್ಲಿ ಗುಲಾಮಗಿರಿಯು ರದ್ದಾಗಿ ಆಗ ಇನ್ನೂ ಮೂರು ವರ್ಷಗಳೂ ತುಂಬಿರಲಿಲ್ಲ. ಆಫ್ರಿಕದಿಂದ ಸರಪಳಿಯಲ್ಲಿ ತರಲ್ಪಟ್ಟವರ ಸಂತತಿಯಾದ ಕಪ್ಪುಜನರಿಗೆ ಕಾನೂನು ಬಿಡುಗಡೆಯನ್ನು ಕೊಟ್ಟಿತ್ತು. ಭೂಮಿಯನ್ನಾಗಲಿ, ಮನೆಯನ್ನಾಗಲಿ, ಸಮಾನವಾದ ಮರ್ಯಾದೆಯನ್ನಾಗಲಿ ಕೊಟ್ಟಿರಲಿಲ್ಲ. ಮಗು ಇನ್ನೂ ಎಳೆಯದಾಗಿದ್ದಾಗಲೇ ತಂದೆಯು ಮನೆಯನ್ನು ಬಿಟ್ಟುಹೋದನು. ತಾಯಿ ಮೇರಿಯು ಪಾರ್ಶ್ವವಾಯುವಿನಿಂದ ದುರ್ಬಲಳಾಗಿದ್ದರೂ ಪರರ ಮನೆಗಳಲ್ಲಿ ದುಡಿದು ಮಗನನ್ನು ಓದಿಸಿದಳು. ಶಾಲೆಯಲ್ಲಿ ಹುಡುಗ ಹುಡುಗಿಯರು ಹೆಸರಿನ ಚೀಟಿಗಳನ್ನು ಒಬ್ಬರಿಗೊಬ್ಬರು ಕೊಟ್ಟು ಆಡುತ್ತಿದ್ದ ಒಂದು ದಿನ, ಹೊಸದಾಗಿ ಬಂದಿದ್ದ ಬಿಳಿಯ ಹುಡುಗಿಯೊಬ್ಬಳು ಇವರ ಚೀಟಿಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ತನಗೂ ಉಳಿದವರಿಗೂ ನಡುವೆ ಒಂದು ತೆರೆಯು ಇಳಿದಿದೆ ಎಂಬುದು ಆ ದಿನ ಬಾಲಕನಿಗೆ ಮನವರಿಕೆಯಾಯಿತು. ಬಹು ಚಿಕ್ಕ ಸಂಗತಿ. ಆದರೂ ಮುಪ್ಪಿನವರೆಗೂ ಅವರು ಅದನ್ನು ಮರೆಯಲಿಲ್ಲ. ಮಕ್ಕಳು ಆಟದ ಹೊತ್ತಿನಲ್ಲಿ ಯಾರನ್ನು ಕೂಡಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದನ್ನು ಉಪಾಧ್ಯಾಯಿನಿಯರಾದ ನಾವು ಏಕೆ ಗಮನಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಆ ಶಾಲೆಯ ಮುಖ್ಯೋಪಾಧ್ಯಾಯರು ಹುಡುಗನ ಬುದ್ಧಿಯನ್ನು ಕಂಡು, ಕಾಲೇಜಿಗೆ ಬೇಕಾದ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿಯುವಂತೆ ಪ್ರೋತ್ಸಾಹಿಸಿದರು. ದೊಡ್ಡಮನೆಯ ಮಹಿಳೆಯೊಬ್ಬರು ಗ್ರೀಕ್ ಪುಸ್ತಕಗಳನ್ನು ಕೊಡಿಸಿದರು. 1885ರಲ್ಲಿ ತಾಯಿಯು ಕಾಲವಶಳಾದಳು. ದಿಕ್ಕಿಲ್ಲದ ಹುಡುಗನ ವಿದ್ಯಾಭ್ಯಾಸಕ್ಕಾಗಿ ಊರಿನ ಕ್ರೈಸ್ತ ಸಭೆಗಳವರು ಹಣವನ್ನು ಕೂಡಿಸಿದರು. ಹೀಗೆ ಅವರು ಟೆನೆಸೀ ಸಂಸ್ಥಾನದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿದ್ಯಾಶಾಲೆಯನ್ನು ಸೇರಿದರು. ಇದು ಬಿಡುಗಡೆಹೊಂದಿದ ಗುಲಾಮರ ಮಕ್ಕಳಿಗಾಗಿ ಅಮೆರಿಕನ್ ಮಿಶನರಿ ಸಂಘದವರು 1866ರಲ್ಲಿ ತೆರೆದ ಶಾಲೆ. ಅಂದರೆ ಡುಬಾಯ್ಸರೂ ನಮ್ಮಂತೆಯೇ ಮಿಶನ್ ಶಾಲೆಯ ಉಪ್ಪನ್ನು ಉಂಡವರು.

ಫಿಸ್ಕ್‌ನಲ್ಲಿ ಓದುತ್ತಿದ್ದಾಗ ಎರಡು ಬೇಸಗೆಗಳಲ್ಲಿ ಅವರು ಹಳ್ಳಿಗಾಡಿನಲ್ಲಿ ಉಪಾಧ್ಯಾಯರಾಗಿ ಕೆಲಸಮಾಡಿದರು. ಶಾಲೆಯೆಂಬುದು ಹಿಂದೆ ಜಮೀನುದಾರನೊಬ್ಬನು ಜೋಳವನ್ನು ತುಂಬುತ್ತಿದ್ದ ಮರದ ಗುಡಿಸಲು. ಬೆಂಚುಗಳಿಗೆ ಬೆನ್ನಿಲ್ಲ; ಕೆಲವಕ್ಕೆ ಕಾಲೂ ಇಲ್ಲ. ಉಪಾಧ್ಯಾಯರ ಕುರ್ಚಿಯು ಎರವಲಿನದು. ಪ್ರತಿ ಸಂಜೆ ಅದನ್ನು ಮನೆಯವರಿಗೆ ಹಿಂದಿರುಗಿಸಬೇಕು. ನೇಮಕವಾದ ದಿನ ಬಿಳಿಯರ ಶಾಲೆಯ ಉಪಾಧ್ಯಾಯನೊಡನೆ ಇವರನ್ನೂ ಅಧಿಕಾರಿಯು ಊಟಕ್ಕೆ ಕರೆದನು. ಆದರೆ ಬಿಳಿಯರ ಊಟವಾದ ಮೇಲೆ ಇವರು ಒಬ್ಬರೇ ಕುಳಿತು ಉಣ್ಣಬೇಕಾಯಿತು. ಪಂಕ್ತಿಭೇದವೆಂಬುದು ನಮ್ಮ ದೇಶದಲ್ಲಿ ಮಾತ್ರವೇ ಇದ್ದುದಲ್ಲ.

ಆ ಹಳ್ಳಿಯಲ್ಲಿ ಜೋಸಿ ಎಂಬ ಹುಡುಗಿಯಿದ್ದಳು. ಸುಮಾರು ಇಪ್ಪತ್ತು ವರ್ಷದವಳು. ಓದಬೇಕೆಂಬ ಹಂಬಲ ಬಹಳ. ಶಾಲೆಯಿಲ್ಲದ ಊರಿಗೆ ಶಾಲೆ ಬೇಕಾಗಿದೆಯೆಂದು ಡುಬಾಯ್ಸರಿಗೆ ತಿಳಿಸಿದವಳು ಅವಳೇ. ಮುಂದೆ ನ್ಯಾಶ್‌ವಿಲ್ಲಿಗೆ ಹೋಗಿ ದೊಡ್ಡ ಶಾಲೆಯಲ್ಲಿ ಕಲಿಯಬೇಕೆಂಬುದು ಅವಳ ಆಸೆ. ಹತ್ತು ವರ್ಷಗಳ ತರುವಾಯ ಡುಬಾಯ್ಸರು ಆ ಊರಿಗೆ ಮರಳಿ ಹೋದಾಗ ಜೋಸಿ ಬದುಕಿರಲಿಲ್ಲ. ತಮ್ಮನು ಸೆರೆಮನೆ ಕಂಡಿದ್ದನು. ಸಂಸಾರದ ಸಾಲವು ಬೆಳೆದಿತ್ತು. ಜೋಸಿ ನಗರಕ್ಕೆ ಹೋಗಿ ಕೂಲಿಗೆ ದುಡಿದು ಮನೆಗೆ ಹಣ ಕಳುಹಿಸಿದಳು. ಓದುವ ಆಸೆಯು ಹಿಂದೆ ಸರಿಯುತ್ತಾ ಹೋಯಿತು; ದೇಹವು ಸವೆಯಿತು; ಮನೆಗೆ ಮರಳಿ ತಾಯಿಯ ಬಳಿ ಮಲಗಿದವಳು ಮತ್ತೆ ಏಳಲಿಲ್ಲ. ಅವಳ ಮರಣವನ್ನು ಯಾವ ರೋಗದ ಹೆಸರಿನಿಂದ ಕರೆದರೂ ಅರ್ಧ ಸತ್ಯವನ್ನು ಹೇಳಿದಂತೆಯೇ ಸರಿ. ಬಡತನ, ದಣಿವು, ಮುಚ್ಚಿದ ಬಾಗಿಲುಗಳು ಇವೆಲ್ಲವೂ ಕೂಡಿ ಅವಳನ್ನು ಕೊಂದುವು. ತಮ್ಮ ತರಗತಿಯ ಯಾವುದಾದರೊಂದು ಖಾಲಿ ಸ್ಥಳವನ್ನು ನೋಡಿ ನಿಟ್ಟುಸಿರುಬಿಟ್ಟ ಉಪಾಧ್ಯಾಯಿನಿಯರಿಗೆ ಜೋಸಿಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ.

ಫಿಸ್ಕ್‌ನಿಂದ ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ, ಅಲ್ಲಿಂದ 1892ರಲ್ಲಿ ಜರ್ಮನಿಯ ಬರ್ಲಿನ್ ನಗರಕ್ಕೆ ಹೋಗಿ ಎರಡು ವರ್ಷ ವ್ಯಾಸಂಗಮಾಡಿದರು. ಊಹೆಯನ್ನು ಬಿಟ್ಟು ಸಂಗತಿಗಳನ್ನು ಒಂದೊಂದಾಗಿ ಕೂಡಿಸಿ, ಎಣಿಸಿ, ಹೋಲಿಸಿ ನೋಡಿದ ಮೇಲೆಯೇ ಸಮಾಜದ ವಿಷಯದಲ್ಲಿ ಮಾತನಾಡಬೇಕೆಂಬ ಪದ್ಧತಿಯು ಅಲ್ಲಿ ಅವರ ಮನಸ್ಸಿನಲ್ಲಿ ಬೇರೂರಿತು. 1895ರಲ್ಲಿ ಹಾರ್ವರ್ಡಿನ ಡಾಕ್ಟರ್ ಪದವಿಯನ್ನು ಪಡೆದ ಕಪ್ಪುಜನರಲ್ಲಿ ಅವರೇ ಮೊದಲಿಗರಾದರು. ಅವರು ಮದ್ದು ಕೊಡುವ ಡಾಕ್ಟರಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಆದರೂ ಜನರ ಆರೋಗ್ಯದ ವಿಷಯದಲ್ಲಿ ಅವರು ಮಾಡಿದ ಶೋಧನೆಯು ಅನೇಕ ವೈದ್ಯರ ಕಣ್ಣನ್ನು ತೆರೆಯಿಸುವಂಥದಾಗಿತ್ತು. ಅದು ನಡೆದುದು ಫಿಲಡೆಲ್ಫಿಯಾ ನಗರದಲ್ಲಿ.

1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದವರು ಆ ನಗರದ ಕಪ್ಪುಜನರ ಸ್ಥಿತಿಯನ್ನು ಪರಿಶೀಲಿಸುವುದಕ್ಕಾಗಿ ಡುಬಾಯ್ಸರನ್ನು ಕರೆದರು. ಇಂಥ ವಿದ್ವಾಂಸರಿಗೂ ಅಧ್ಯಾಪಕರ ಪದವಿಯನ್ನು ಕೊಡದೆ ಸಹಾಯಕರೆಂಬ ಹೆಸರನ್ನಷ್ಟೇ ಕೊಟ್ಟರು. ಅದೇ ವರ್ಷ ಅವರು ನೀನಾ ಗೋಮರ್ ಎಂಬ ತರುಣಿಯನ್ನು ವಿವಾಹವಾಗಿದ್ದರು. ನವದಂಪತಿಗಳು ಏಳನೆಯ ವಾರ್ಡಿನ ಬಡವರ ಬೀದಿಗಳ ನಡುವೆ ಒಂದೇ ಕೋಣೆಯಲ್ಲಿ ವಾಸಮಾಡಿದರು. ಡುಬಾಯ್ಸರು ಪ್ರಶ್ನೆಗಳ ಹಾಳೆಗಳನ್ನು ಹಿಡಿದು, ಖಾನೇಷುಮಾರಿಯವರಂತೆ, ತಾವೇ ಮನೆಯಿಂದ ಮನೆಗೆ ನಡೆದರು. ಸುಮಾರು 2,500 ಸಂಸಾರಗಳನ್ನು ಕಂಡು, ಹತ್ತು ಸಾವಿರಕ್ಕೆ ಸಮೀಪವಾದ ಜನರ ವಯಸ್ಸು, ಕಸುಬು, ಸಂಪಾದನೆ, ಬಾಡಿಗೆ, ಓದುಬರಹ, ಕಾಯಿಲೆ ಎಲ್ಲವನ್ನೂ ಬರೆದುಕೊಂಡರು. ಮೊದಮೊದಲು ಜನರು ಅವರನ್ನು ನಂಬಲಿಲ್ಲ. ಚೆನ್ನಾಗಿ ಉಡುಪುಧರಿಸಿ ಬಂದ ಈ ಪಂಡಿತರು ತಮ್ಮನ್ನು ಏತಕ್ಕೆ ಪರೀಕ್ಷಿಸಬೇಕೆಂದು ಅವರಿಗೆ ಅಸಮಾಧಾನ. ಆ ಅಸಮಾಧಾನವು ನ್ಯಾಯವಾದುದೆಂದೂ, ತಮ್ಮ ಜನರ ವಿಷಯ ತಮಗೇ ಎಷ್ಟು ಕಡಿಮೆ ಗೊತ್ತಿತ್ತೆಂದೂ ಡುಬಾಯ್ಸರು ವಿನಯದಿಂದ ಒಪ್ಪಿಕೊಂಡರು.

ಆ ಶೋಧನೆಯ ಫಲವು 1899ರಲ್ಲಿ ಗ್ರಂಥರೂಪವಾಗಿ ಹೊರಬಂದಿತು. ಅದರಲ್ಲಿ ಒಂದು ಅಧ್ಯಾಯವು ಆರೋಗ್ಯವನ್ನು ಕುರಿತದ್ದು. 1884ರಿಂದ 1890ರವರೆಗೆ ಆ ನಗರದಲ್ಲಿ ಸಾವಿರ ಮಂದಿ ಬಿಳಿಯರಲ್ಲಿ ವರ್ಷಕ್ಕೆ ಸುಮಾರು 23 ಮಂದಿ ಸಾಯುತ್ತಿದ್ದರೆ, ಸಾವಿರ ಮಂದಿ ಕಪ್ಪುಜನರಲ್ಲಿ ಸುಮಾರು 31 ಮಂದಿ ಸಾಯುತ್ತಿದ್ದರು. ಕ್ಷಯ, ಶ್ವಾಸಕೋಶದ ಜ್ವರ, ಹಸುಗೂಸುಗಳ ಕಾಯಿಲೆಗಳು ಇವೇ ಮುಖ್ಯವಾದವು. ಏಕೆ ಹೀಗೆ? ಡುಬಾಯ್ಸರು ಉತ್ತರವನ್ನು ಚರ್ಮದ ಬಣ್ಣದಲ್ಲಿ ಹುಡುಕದೆ ಮನೆಗಳೊಳಗೆ ಹುಡುಕಿದರು. ಅವರು ನೋಡಿದ 2,441 ಸಂಸಾರಗಳಲ್ಲಿ ಬಚ್ಚಲುಮನೆಯ ಮತ್ತು ನೀರಿನ ಪಾಯಿಖಾನೆಯ ಅನುಕೂಲವುಳ್ಳವು 334 ಮಾತ್ರ. ಉಳಿದವರು ಹಿತ್ತಲಿನ ಕಿರಿದಾದ ಅಂಗಳಗಳಲ್ಲಿ ಹಲವು ಮನೆಯವರೊಡನೆ ಹಂಚಿಕೊಳ್ಳಬೇಕಾಗಿತ್ತು. ಗಾಳಿಬೆಳಕಿಲ್ಲದ ಕೋಣೆಗಳು, ತೇವವಾದ ಗೋಡೆಗಳು, ಚಳಿ, ಸಾಲದ ಆಹಾರ.

ಅಂಥ ಮನೆಗಳಲ್ಲಿ ಜನರು ಏಕೆ ಇದ್ದರು ಎಂಬ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ಇದೇ ಅವರ ಶೋಧನೆಯ ತಿರುಳು. ಕಪ್ಪುಜನರನ್ನು ಕಾರ್ಖಾನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಕುಶಲಕರ್ಮಿಗಳ ಸಂಘಗಳು ಅವರಿಗೆ ಬಾಗಿಲನ್ನು ಮುಚ್ಚಿದ್ದುವು. ಉಳಿದುದು ಮನೆಗೆಲಸ ಮತ್ತು ಕೂಲಿ. ಅದಕ್ಕೆ ಸಂಬಳ ಅಲ್ಪ. ಮನೆಗೆಲಸದವರು ಧನಿಕರ ಬೀದಿಗಳಿಗೆ ಹತ್ತಿರದಲ್ಲಿಯೇ ಇರಬೇಕು. ಬೇರೆ ಕಡೆ ಮನೆಗಳನ್ನು ಬಿಳಿಯ ಮಾಲೀಕರು ಅವರಿಗೆ ಕೊಡುತ್ತಿರಲಿಲ್ಲ. ಹೀಗೆ ಒಂದೇ ಎಡೆಯಲ್ಲಿ ಎಲ್ಲರೂ ಕಿಕ್ಕಿರಿಯಲು, ಅತಿ ಕೆಟ್ಟ ಮನೆಗೂ ಹೆಚ್ಚಿನ ಬಾಡಿಗೆ. ಬಾಡಿಗೆಯನ್ನು ತೆರುವುದಕ್ಕಾಗಿ ಇರುವ ಒಂದೆರಡು ಕೋಣೆಗಳಲ್ಲಿಯೇ ಪರರನ್ನು ಒಳಬಾಡಿಗೆಗೆ ಇಟ್ಟುಕೊಳ್ಳಬೇಕು. ಅದರಿಂದ ನೂಕುನುಗ್ಗಲು ಇನ್ನೂ ಹೆಚ್ಚು. ಅಲ್ಲಿ ಒಬ್ಬನಿಗೆ ಕ್ಷಯ ತಗಲಿದರೆ ಮನೆಯವರೆಲ್ಲರಿಗೂ ಅಪಾಯ. ಇದರಲ್ಲಿ ಯಾರೊಬ್ಬನೂ ಕೊಲೆಗಾರನಲ್ಲ. ಕೆಲಸ ಕೊಡದವನು, ಬಾಡಿಗೆ ಏರಿಸಿದವನು, ಚರಂಡಿಯನ್ನು ಮರೆತ ನಗರಸಭೆ, ಪ್ರತಿಯೊಬ್ಬರೂ ತಮ್ಮ ಪಾಲಿಗೆ ಸ್ವಲ್ಪವೇ ಮಾಡಿದವರು. ಆದರೆ ಕೂಡಿದಾಗ ಆ ಸ್ವಲ್ಪವು ಒಂದು ಜನಾಂಗದ ಆಯುಸ್ಸನ್ನೇ ಕಡಿಮೆಮಾಡಿತು. ತನ್ನ ವಾದವು ನಿಜವೇ ಎಂದು ಪರೀಕ್ಷಿಸುವ ಉಪಾಯವೂ ಅವರಿಗೆ ಅಲ್ಲಿಯೇ ದೊರೆಯಿತು. ನಗರದ ಅತ್ಯಂತ ಹೊಲಸಾದ ಐದನೆಯ ವಾರ್ಡಿನ ಕಪ್ಪುಜನರಲ್ಲಿ ಮರಣವು ಮಿತಿಮೀರಿತ್ತು; ಒಳ್ಳೆಯ ಮನೆಗಳೂ ಶುಚಿಯಾದ ಬೀದಿಗಳೂ ಇದ್ದ ಮೂವತ್ತನೆಯ ವಾರ್ಡಿಗೆ ಹೋಗಿ ನೆಲಸಿದ ಕಪ್ಪುಜನರಲ್ಲಿ ಅದು ಬಹಳ ಕಡಿಮೆಯಾಗಿತ್ತು. ರಕ್ತ ಒಂದೇ, ಬೀದಿ ಬೇರೆ; ಆದುದರಿಂದ ಸಾವೂ ಬೇರೆ.

ಡುಬಾಯ್ಸರು ತಮ್ಮವರನ್ನು ಸುಮ್ಮನೆ ಹೊಗಳಿದವರಲ್ಲವೆಂಬುದನ್ನೂ ಹೇಳಬೇಕು. ಶುಚಿತ್ವದ ಅಜ್ಞಾನ, ಕೂಸುಗಳ ಪಾಲನೆಯಲ್ಲಿ ಅಜಾಗರೂಕತೆ, ಆಸ್ಪತ್ರೆಯ ಭಯ ಇವುಗಳನ್ನು ಅವರು ಕಠಿಣವಾಗಿಯೇ ಬರೆದರು. ಆ ಕಾಠಿಣ್ಯವು ಕೆಲವೆಡೆ ಅತಿಯಾಯಿತೆಂದು ನಮಗೆ ತೋರುತ್ತದೆ. ಅವರಿಗೆ ಆಗ ಮೂವತ್ತೇ ವರ್ಷ. ಆದರೆ ನೀರನ್ನು ಕೊಡದೆ ಕೊಳೆಯನ್ನು ನಿಂದಿಸುವ ಅನ್ಯಾಯವನ್ನು ಅವರು ಎಂದೂ ಮಾಡಲಿಲ್ಲ. ಅದೇ ನಗರದಲ್ಲಿ ಡಾಕ್ಟರ್ ನೇಥನ್ ಮೋಸೆಲ್ ಎಂಬ ಕಪ್ಪುಜನಾಂಗದ ವೈದ್ಯರು 1895ರಲ್ಲಿ ಒಂದು ಆಸ್ಪತ್ರೆಯನ್ನೂ, ಅದರೊಡನೆ ಕಪ್ಪು ತರುಣಿಯರಿಗೆ ದಾದಿಯರ ಶಿಕ್ಷಣವನ್ನೂ ಆರಂಭಿಸಿದ್ದರು. ಬೇರೆಡೆ ಪ್ರವೇಶವಿಲ್ಲದ ಹುಡುಗಿಯರು ಅಲ್ಲಿ ಕಲಿತು ತಮ್ಮ ಜನರ ಸೇವೆಗೆ ನಿಂತರು. ಬಿಳಿಯ ಉಡುಪನ್ನು ಧರಿಸಿ ಆಸ್ಪತ್ರೆಗಳಲ್ಲಿ ಸೇವೆಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ಸಂತೋಷದ ಸುದ್ದಿಯಾಗಿರಬೇಕು.

ಆ ಕಾಲದಲ್ಲಿ ಇದಕ್ಕೆ ವಿರೋಧವಾದ ಮತವೇ ಬಲವಾಗಿತ್ತು. ಫ್ರೆಡರಿಕ್ ಹಾಫ್‌ಮನ್ ಎಂಬ ವಿಮಾ ಕಂಪನಿಯ ಅಂಕಿಅಂಶಗಳ ಪಂಡಿತನು 1896ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಕಪ್ಪುಜನರು ಹುಟ್ಟಿನಿಂದಲೇ ದುರ್ಬಲರು, ಈ ಜನಾಂಗವು ನಶಿಸಿಹೋಗುವುದೇ ಸೃಷ್ಟಿನಿಯಮ ಎಂದು ಸಾಧಿಸಹೊರಟನು. ಈ ಮಾತನ್ನು ನಂಬುವವರಿಗೆ ಲಾಭವೂ ಇತ್ತು: ಸಾಯುವುದೇ ಅವರ ಸ್ವಭಾವವಾದರೆ ಚರಂಡಿಯನ್ನು ಕಟ್ಟುವ, ಆಸ್ಪತ್ರೆಯನ್ನು ತೆರೆಯುವ ಖರ್ಚು ಉಳಿಯಿತು, ಅವರ ಜೀವವಿಮೆಯನ್ನು ನಿರಾಕರಿಸಲು ನೆಪವೂ ಸಿಕ್ಕಿತು. ಡುಬಾಯ್ಸರು 1897ರಲ್ಲಿ ಇದಕ್ಕೆ ಉತ್ತರಕೊಟ್ಟರು. ಯೂರೋಪಿನ ನೇಪಲ್ಸ್, ಮ್ಯಾಡ್ರಿಡ್ ಮುಂತಾದ ನಗರಗಳ ಬಿಳಿಯರಲ್ಲಿಯೂ ಇಷ್ಟೇ ಮರಣಗಳಾಗುತ್ತಿರುವುದನ್ನು ತೋರಿಸಿ, ಹಾಗಾದರೆ ಆ ಜನಾಂಗಗಳೂ ನಶಿಸಬೇಕಾದುವೇ ಎಂದು ವಿಚಾರಿಸಿದರು.

1897ರಲ್ಲಿಯೇ ಅವರು ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಆ ವರ್ಷ ಅವರಿಗೆ ಬರ್ಗ್‌ಹಾರ್ಟ್ ಎಂಬ ಗಂಡುಮಗು ಹುಟ್ಟಿತು. ಹೊಂಬಣ್ಣದ ಗುಂಗುರು ಕೂದಲಿನ ಆ ಮುದ್ದು ಕೂಸು ಎರಡು ವರ್ಷ ತುಂಬುವ ಮೊದಲೇ ಡಿಫ್ತೀರಿಯಾ ಎಂಬ ಗಂಟಲಮಾರಿಗೆ ತುತ್ತಾಯಿತು. ಅದಕ್ಕೆ ಮದ್ದಿಲ್ಲದ ಕಾಲವಲ್ಲ. ವಿಷಹಾರಿಯಾದ ಚುಚ್ಚುಮದ್ದು ಕೆಲವು ವರ್ಷಗಳ ಹಿಂದೆಯೇ ಬಳಕೆಗೆ ಬಂದಿತ್ತು. ಆದರೆ ಆ ಊರಿನಲ್ಲಿ ಕಪ್ಪು ವೈದ್ಯರು ಬೆರಳೆಣಿಕೆಯಷ್ಟು. ಬಿಳಿಯ ವೈದ್ಯರು ಕಪ್ಪುಜನರ ಬಾಗಿಲಿಗೆ ಬರುವುದು ದುರ್ಲಭ. ಹತ್ತು ದಿನ ನರಳಿ 1899ನೆಯ ಮೇ 24ರಂದು ಮಗು ಕಣ್ಣುಮುಚ್ಚಿತು. ಶವದ ಹಿಂದೆ ನಡೆಯುತ್ತಿದ್ದ ತಾಯ್ತಂದೆಗಳನ್ನು ಬೀದಿಯಲ್ಲಿ ಹೋಗುತ್ತಿದ್ದ ಬಿಳಿಯರು ನಿಂದೆಯ ಮಾತಿನಿಂದ ಕರೆದರು. ಜಾರ್ಜಿಯಾದ ಮಣ್ಣಿನಲ್ಲಿ ಮಗುವನ್ನು ಹೂಳಲು ಮನಸ್ಸಾಗದೆ, ದಂಪತಿಗಳು ದೂರದ ಗ್ರೇಟ್ ಬ್ಯಾರಿಂಗ್ಟನ್ನಿಗೆ ಕೊಂಡುಹೋಗಿ ಸಮಾಧಿಮಾಡಿದರು. ಅಂಕಿಗಳನ್ನು ಕೂಡಿಸುತ್ತಿದ್ದ ಪಂಡಿತರ ಸ್ವಂತ ಮಗುವೇ ಆ ಅಂಕಿಗಳಲ್ಲಿ ಒಂದಾಯಿತು. ವಿದ್ಯೆಯಾಗಲಿ ಪದವಿಯಾಗಲಿ ಆ ರಾತ್ರಿಯಲ್ಲಿ ಅವರಿಗೆ ಒದಗಲಿಲ್ಲ.

ಹೀಗಿದ್ದರೂ ಅವರು ಕೈಚೆಲ್ಲಿ ಕೂರಲಿಲ್ಲ. 1900ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನಕ್ಕೆ ತಮ್ಮ ವಿದ್ಯಾರ್ಥಿಗಳೊಡನೆ ಬಣ್ಣಬಣ್ಣದ ನಕ್ಷೆಗಳನ್ನು ಕೈಯಿಂದ ಬರೆದು ಸಿದ್ಧಪಡಿಸಿ, ಕಪ್ಪುಜನರ ಸ್ಥಿತಿಗತಿಗಳನ್ನು ಲೋಕಕ್ಕೆ ತೋರಿಸಿ ಚಿನ್ನದ ಪದಕವನ್ನು ಪಡೆದರು. ಅಟ್ಲಾಂಟಾದಲ್ಲಿ ವರ್ಷಕ್ಕೊಂದು ವಿದ್ವತ್ಸಭೆಯನ್ನು ನಡೆಯಿಸಿದರು. 1906ರ ಸಭೆಯ ವಿಷಯವು ಕಪ್ಪುಜನರ ಆರೋಗ್ಯ ಮತ್ತು ದೇಹಸ್ಥಿತಿ. ಕಪ್ಪುಜನರು ಹುಟ್ಟಿನಿಂದ ದುರ್ಬಲರೆಂಬುದಕ್ಕೆ ಶಾಸ್ತ್ರದ ಆಧಾರವಿಲ್ಲವೆಂದೂ, ಮರಣಗಳ ವ್ಯತ್ಯಾಸಕ್ಕೆ ಜೀವನದ ಪರಿಸ್ಥಿತಿಯೇ ಸಾಕಾದ ಕಾರಣವೆಂದೂ, ಕ್ಷಯವು ಜನಾಂಗದ ರೋಗವಲ್ಲ, ಸಮಾಜದ ರೋಗವೆಂದೂ ಆ ಸಭೆಯು ನಿರ್ಣಯಿಸಿತು. ಊರೂರಿನಲ್ಲಿ ಆರೋಗ್ಯ ಸಂಘಗಳು ಏರ್ಪಡಬೇಕೆಂದು ಸೂಚಿಸಿತು. ಅದೇ ವರ್ಷ ಅಟ್ಲಾಂಟಾದಲ್ಲಿ ಬಿಳಿಯರ ಗುಂಪುಗಳು ಎದ್ದು ಅನೇಕ ಕಪ್ಪುಜನರನ್ನು ಕೊಂದುವು. ಸತ್ಯವನ್ನು ಅಂಕಿಗಳಲ್ಲಿ ತೋರಿಸಿದರೆ ಲೋಕವು ತಾನೇ ತಿದ್ದಿಕೊಳ್ಳುವುದೆಂಬ ಅವರ ನಂಬಿಕೆಯು ಕುಗ್ಗುತ್ತಾ ಬಂದಿತು. 1909ರಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬರಾಗಿ, ಮರುವರ್ಷದಿಂದ 1934ರವರೆಗೆ ಅದರ ‘ಕ್ರೈಸಿಸ್’ ಪತ್ರಿಕೆಯ ಸಂಪಾದಕರಾಗಿ ದುಡಿದರು.

ನಮ್ಮ ದೇಶದ ಮೇಲೆಯೂ ಅವರಿಗೆ ಅಕ್ಕರೆಯಿತ್ತು. ಲಾಲಾ ಲಜಪತರಾಯರು ಅವರ ಸ್ನೇಹಿತರು. 1929ರಲ್ಲಿ ಅವರ ಪತ್ರಿಕೆಗೆ ಮಹಾತ್ಮ ಗಾಂಧಿಯವರು ಸಂದೇಶವನ್ನು ಕಳುಹಿಸಿದರು. 1946ರಲ್ಲಿ ಡಾಕ್ಟರ್ ಅಂಬೇಡ್ಕರರು, ಅಸ್ಪೃಶ್ಯರೆನಿಸಿಕೊಂಡ ನಮ್ಮ ಜನರ ಸ್ಥಿತಿಗೂ ಅಮೆರಿಕದ ಕಪ್ಪುಜನರ ಸ್ಥಿತಿಗೂ ಇರುವ ಸಾಮ್ಯವನ್ನು ಕುರಿತು ಅವರಿಗೆ ಪತ್ರ ಬರೆದರು. ಡುಬಾಯ್ಸರು ಸಹಾನುಭೂತಿಯಿಂದ ಉತ್ತರಿಸಿದರು. ಬೇರೆ ಬೇರೆ ಖಂಡಗಳಲ್ಲಿ ಒಂದೇ ಗಾಯವನ್ನು ಕಂಡ ಇಬ್ಬರು ಪಂಡಿತರ ಆ ಪತ್ರವ್ಯವಹಾರವು ನೆನಪಿಡತಕ್ಕದ್ದು.

ಅವರ ಮುಪ್ಪು ನೆಮ್ಮದಿಯದಾಗಿರಲಿಲ್ಲ. ಶಾಂತಿಗಾಗಿ ದುಡಿದ ಕಾರಣ 1951ರಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ನಿರ್ದೋಷಿಯಾಗಿ ಹೊರಬಂದರೂ ಪರದೇಶಕ್ಕೆ ಹೋಗುವ ರಹದಾರಿಯು 1958ರವರೆಗೆ ದೊರೆಯಲಿಲ್ಲ. 1961ರಲ್ಲಿ ಅವರು ಸಮತಾವಾದಿಗಳ ಪಕ್ಷವನ್ನು ಸೇರಿದರು. ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾದುದಿಲ್ಲ. ಅವರ ಪ್ರಾಮಾಣಿಕತೆಯನ್ನು ಒಪ್ಪದಿರಲಾರೆವು. ಅದೇ ವರ್ಷ ಘಾನಾ ದೇಶದ ಅಧ್ಯಕ್ಷರ ಆಹ್ವಾನದಂತೆ ಅಲ್ಲಿಗೆ ಹೋಗಿ ನೆಲಸಿ, 1963ನೆಯ ಆಗಸ್ಟ್ 27ರಂದು ಅಕ್ರಾ ನಗರದಲ್ಲಿ, ತೊಂಬತ್ತೈದು ವರ್ಷದವರಾಗಿ ದೈವಾಧೀನರಾದರು. ಮರುದಿನ ವಾಷಿಂಗ್ಟನ್ನಿನಲ್ಲಿ ಸಮಾನ ಹಕ್ಕುಗಳಿಗಾಗಿ ಎರಡು ಲಕ್ಷಕ್ಕೂ ಮಿಕ್ಕ ಜನ ಸೇರಿದ್ದರು. ಆ ಮಹಾಸಭೆಯಲ್ಲಿಯೇ ಅವರ ಮರಣದ ಸುದ್ದಿಯನ್ನು ತಿಳಿಸಲಾಯಿತು.

ಡುಬಾಯ್ಸರು ಕೇಳಿದ ಪ್ರಶ್ನೆಗೆ ಅವರ ದೇಶವು ಇನ್ನೂ ಪೂರ್ಣವಾಗಿ ಉತ್ತರಕೊಟ್ಟಿಲ್ಲ. ಈಗಲೂ ಅಮೆರಿಕದಲ್ಲಿ ವರ್ಷ ತುಂಬುವ ಮೊದಲೇ ಸಾಯುವ ಕೂಸುಗಳ ಪ್ರಮಾಣವು ಬಿಳಿಯರಿಗಿಂತ ಕಪ್ಪುಜನರಲ್ಲಿ ಸುಮಾರು ಎರಡರಷ್ಟು. ಹೆರಿಗೆಯ ಸಂಬಂಧವಾಗಿ ಸಾಯುವ ತಾಯಂದಿರ ಪ್ರಮಾಣವು ಎರಡರಷ್ಟಕ್ಕೂ ಹೆಚ್ಚು. ಮದ್ದುಗಳು ಬೆಳೆದಿವೆ, ಮದ್ದಿನ ಬಳಿಗೆ ಎಲ್ಲರನ್ನೂ ಸಮನಾಗಿ ಕೊಂಡೊಯ್ಯುವ ದಾರಿಯು ಇನ್ನೂ ನೇರವಾಗಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಉಪಾಧ್ಯಾಯಿನಿಯರು, ಹಲವರು ದಾದಿಯರು, ಎಲ್ಲರೂ ಒಂದಲ್ಲ ಒಂದು ಮನೆಯನ್ನು ನಡೆಯಿಸುವವರು. ತರಗತಿಯಲ್ಲಿ ಒಂದು ಮಗು ಪದೇ ಪದೇ ಕಾಯಿಲೆಯಿಂದ ತಪ್ಪಿಸಿಕೊಂಡರೆ, ಆಸ್ಪತ್ರೆಗೆ ಒಬ್ಬ ತಾಯಿ ತಡವಾಗಿ ಬಂದರೆ, ಮನೆಗೆಲಸದವಳ ಕೂಸು ಸೊರಗಿದ್ದರೆ, ಅವರ ಜಾತಿಯನ್ನೋ ಕುಲವನ್ನೋ ಎತ್ತಿ ಆಡುವ ಮೊದಲು ಒಂದು ಕ್ಷಣ ತಡೆಯಿರಿ. ಅವರ ಮನೆಗೆ ನೀರು ಎಲ್ಲಿಂದ ಬರುತ್ತದೆ, ಕೋಣೆಗೆ ಕಿಟಕಿಯಿದೆಯೇ, ಆಸ್ಪತ್ರೆಯಲ್ಲಿ ಅವರನ್ನು ಯಾರಾದರೂ ಮರ್ಯಾದೆಯಿಂದ ಮಾತನಾಡಿಸುತ್ತಾರೆಯೇ, ನಾವು ಕೊಡುವ ಸಂಬಳವು ಹಾಲಿಗೆ ಸಾಲುವುದೇ ಎಂದು ವಿಚಾರಿಸಿರಿ. ಕಡೆಯ ಪ್ರಶ್ನೆಗೆ ಉತ್ತರಕೊಡಬೇಕಾದವರು ನಾವೇ. ತಾಯ್ತಂದೆಗಳಲ್ಲಿಯೂ ನಮ್ಮ ಪ್ರಾರ್ಥನೆ ಇದೇ: ನಿಮ್ಮ ಮಗಳು ಯಾರ ಪಕ್ಕದಲ್ಲಿ ಕುಳಿತು ಊಟಮಾಡುತ್ತಾಳೆಂದು ಕೇಳಿದಾಗ, ಎಲ್ಲರ ಪಕ್ಕದಲ್ಲಿಯೂ ಎಂಬ ಉತ್ತರವನ್ನು ಸಂತೋಷದಿಂದ ಸ್ವೀಕರಿಸಿರಿ.

ಪಾಪವು ಯಾರದೆಂದು ಕೇಳುತ್ತಾ ನಿಂತ ಶಿಷ್ಯರ ನಡುವೆ ಕರ್ತನು ನೆಲಕ್ಕೆ ಬಾಗಿ ಮಣ್ಣನ್ನು ಕಲಸಿದನು. ಅದೇ ಕೆಲಸಕ್ಕೆ ಬಾಗುವ ಮನಸ್ಸನ್ನು ದೇವರು ನಮ್ಮ ಶಾಲೆಯ ಮಕ್ಕಳೆಲ್ಲರಿಗೂ ಅನುಗ್ರಹಿಸಲಿ.